ಗಿರಣಿ ಗೋಡೆಯ ಹಲಗೆ

ಪಕೀರಮ್ಮ ತಲೆಯ ಮೇಲಿನ ಹಿಟ್ಟಿನ ಬುಟ್ಟಿಯನ್ನು ನೆಲಕ್ಕಿಳಿಸಿದಳು. ಮಸ್ಕಿಯಲ್ಲಿರುವ ತನ್ನ ಮನೆಯವರ ಹಿಟ್ಟಿನ ಗಿರಣಿಯ ಗೋಡೆಗೆ ಗ್ಯಾನಮ್ಮ ಕರಿಹಲಗೆ ತೂಗುಹಾಕಿ, ದಿನವೂ ಪತ್ರಿಕೆಯ ಸುದ್ದಿ ಬರೆಯತೊಡಗಿ ತಿಂಗಳಾಗಿತ್ತು. ಹೆಂಗಸರು ಬುಟ್ಟಿ ಹೊತ್ತುಕೊಂಡೇ ಕಣ್ಣು ಹಾಯಿಸಿ ಹೋಗುತ್ತಿದ್ದರು. ಇಳಿಸಿದರೆ ಮತ್ತೆ ಹೊರಿಸಲು ಇನ್ನೊಬ್ಬರು ಬೇಕು. ಸುದ್ದಿಗಾಗಿ ಅಷ್ಟು ತಾಪತ್ರಯ ಯಾರು ಪಡುತ್ತಾರೆ?

"ಯಾರೂ ನಿಂತು ಓದಂಗಿಲ್ಲಕ್ಕಾ, ಇವತ್ತಾದ್ರೂ ಗ್ವಾಡಿ ಬಿಟ್ಟುಕೊಡು," ಎಂದು ಸಿನಿಮಾ ಪೋಸ್ಟರ್ ಹಚ್ಚುವ ಪಂಪಣ್ಣ ಅಂಟಿನ ಬಕೆಟ್ ಹಿಡಿದು ಕಾಯುತ್ತಿದ್ದ. ಗಿರಣಿ ನಡೆಸುವ ಗ್ಯಾನಮ್ಮನ ಗಂಡನೂ ಅವನಿಗೆ ಹೂಂ ಅಂದಾಗಿತ್ತು.

ಇವತ್ತು ಗ್ಯಾನಮ್ಮ ಸುದ್ದಿಯ ಕೆಳಗೆ ತನ್ನದೊಂದು ಮಾತು ಸೇರಿಸಿದ್ದಳು. ಈಚೆಗೆ ಅಕ್ಷರ ಕಲಿತಿದ್ದ ಪಕೀರಮ್ಮ ಬೆರಳಿಟ್ಟು ಓದಿದಳು: "ಒಲೆ ಮುಂದೆ ಒಬ್ಬಳೇ ಕೂತಾಗ ನಾನು ಹಾಡಿಕೊಳ್ಳುತ್ತೇನೆ. ನೀವು?"

"ನಾ ಹಾಡಂಗಿಲ್ಲಬೇ. ನಮ್ಮತ್ತಿನ್ನ ಬೈತೀನಿ. ಬರಿ ಅದನ್ನ!"

"ಹೆಸರು ಹಾಕ್ಲೇನು?"

"ದೊಡ್ಡದಾಗಿ ಹಾಕು. ಆಕಿಗೆ ಓದಾಕ ಬರಂಗಿಲ್ಲ."

ಹಿಂದೆ ಬರುತ್ತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಅವರಲ್ಲೊಬ್ಬಳ ಬುಟ್ಟಿ ಇಳಿಯಿತು, ಮತ್ತೊಬ್ಬಳದೂ ಇಳಿಯಿತು. ಗ್ಯಾನಮ್ಮ ಸೆರಗಿನಿಂದ ದಿಲ್ಲಿಯ ಸುದ್ದಿಯನ್ನೆಲ್ಲ ಒರೆಸಿ ಅವರ ಮಾತಿಗೆ ಜಾಗ ಮಾಡಿದಳು.

"ನಾಳೆ ಏನ್ ಕೇಳ್ತೀಬೇ?" ಎಂದಳು ಪಕೀರಮ್ಮ.

"ಬಾ, ಗೊತ್ತಾಕೈತಿ," ಎಂದ ಗ್ಯಾನಮ್ಮ ಪಂಪಣ್ಣನ ಕಡೆಗೆ ತಿರುಗಿದಳು. "ನೀ ಬ್ಯಾರೆ ಗ್ವಾಡಿ ನೋಡ್ಕೋ ತಮ್ಮಾ."