ಹದಿನಾಲ್ಕು ಸಿದ್ಧ ಉತ್ತರಗಳು

ಸಂಜೆ ಐದರೊಳಗೆ ಪುರಸಭೆಯ ಏಳು ವಿಭಾಗಗಳೂ ತಂತಮ್ಮ ಫೇಸ್‌ಬುಕ್ ಪೇಜಿನ ಪಾಸ್‌ವರ್ಡ್ ಒಪ್ಪಿಸಬೇಕಿತ್ತು. ಆರು ವಿಭಾಗಗಳು ಊಟದ ಹೊತ್ತಿಗೇ ಕೈ ತೊಳೆದುಕೊಂಡಿದ್ದವು. ನೀರು ವಿಭಾಗದ ಗುಮಾಸ್ತೆ ಮಾತ್ರ ನಾಲ್ಕೂವರೆಯಾದರೂ ಕಡತದಲ್ಲಿ ಮುಖ ಹುದುಗಿಸಿ ಕೂತಿದ್ದಳು. ಕೊನೆಗೆ ಹೊಸ ಪ್ರಚಾರ ಅಧಿಕಾರಿಯೇ ಲ್ಯಾಪ್‌ಟಾಪನ್ನು ಕಂಕುಳಲ್ಲಿಟ್ಟುಕೊಂಡು ಅವಳ ಮೇಜಿಗೆ ಬಂದ.

“ಏನ್ ಮೇಡಂ, ಪಾಸ್‌ವರ್ಡ್ ಕೊಡೋಕೂ ಜಿಪುಣತನಾನಾ? ಉದ್ಯಾನದವರ ಪೇಜ್ ತೆಗೆದ್ರೆ ಬರೀ ವಾಚ್‌ಮನ್ ನಾಯಿ ಫೋಟೋ. ಗ್ರಂಥಾಲಯದ ಪಾಸ್‌ವರ್ಡು ರಿಟೈರ್ ಆದೋರ ಜೊತೆ ಮನೆಗೆ ಹೋಗಿತ್ತು, ಫೋನ್ ಮಾಡಿ ತರಿಸ್ದೆ. ಹತ್ತು ಜನ ಒಲೆ ಹಚ್ಚಿದ್ರೆ ಅಡುಗೆ ಸೀದು ಹೋಗದೆ ಇನ್ನೇನಾಗುತ್ತೆ? ಇನ್ಮೇಲೆ ಊರಿಗೆಲ್ಲ ಒಂದೇ ಪೇಜು, ಬರೆಯೋನು ನಾನೊಬ್ಬನೇ. ಯಾರೇನೇ ಕೇಳಲಿ, ಹದಿನಾಲ್ಕು ಸಿದ್ಧ ಉತ್ತರ ಇವೆ. ಒಂದನ್ನ ಒತ್ತಿದ್ರೆ ಮುಗೀತು.”

“ಹದಿನೈದನೇದು ಬೇಕಾದ್ರೆ?”

“ಬೇಕಾಗಲ್ಲ. ಜನ ಕೇಳೋದೇ ಹದಿನಾಲ್ಕು.” ಅವನು ನೀರು ವಿಭಾಗದ ಪೇಜನ್ನು ಸರಸರನೆ ಸರಿಸುತ್ತಾ ಹೋಗಿ ತಟ್ಟನೆ ನಿಂತ. “ಇದ್ಯಾರು ಮೇಡಂ, ಹೊಲಿಗೆ ಮಿಷನ್ ಫೋಟೋ ಹಾಕ್ಕೊಂಡಿರೋರು? ನಾಲ್ಕು ವರ್ಷದಿಂದ ದಿನಾ ಅದೇ ರಾಗ. ‘ಮೂರನೇ ಅಡ್ಡರಸ್ತೆಗೆ ಇವತ್ತೂ ನೀರು ಬಂದಿಲ್ಲ.’”

ಗುಮಾಸ್ತೆ ಕಡತ ಮುಚ್ಚಿದಳು. ಆ ಮಿಷನ್ ಅವಳಮ್ಮನದು. ಅಮ್ಮ ತೀರಿಕೊಂಡ ಮೇಲೆ ಅದು ಯಾರಿಗೆ ಎಂಬಲ್ಲಿ ಮಾತಿಗೆ ಮಾತು ಬೆಳೆದು, ಅಕ್ಕ ಅದನ್ನು ಹೊತ್ತುಕೊಂಡು ಬೇರೆ ಮನೆ ಹಿಡಿದಿದ್ದಳು. ಅಕ್ಕತಂಗಿಯರು ಮುಖ ನೋಡಿ ಐದು ವರ್ಷ. ಊರೇನೋ ಅಂಗೈಯಗಲ, ಆದರೆ ಮೊದಲು ಯಾರು ಬಾಗಿಲು ತಟ್ಟಬೇಕು ಎಂಬಲ್ಲಿ ಇಬ್ಬರ ಕಾಲೂ ಕಟ್ಟಿಹೋಗಿತ್ತು. ಪೇಜು ಶುರುವಾದ ವಾರವೇ ಅದರಲ್ಲಿ ಮಿಷನ್ನಿನ ಚಿತ್ರ ಬಂದು ಕೂತಿತು. ನೀರು ವಿಭಾಗದ ಪೇಜಿನಲ್ಲಿ ಬರೆಯುವವಳು ತಂಗಿಯೇ ಎಂದು ಅಕ್ಕನಿಗೆ ಗೊತ್ತಿತ್ತು. ಬೆಳಿಗ್ಗೆ ಇವಳು ನೀರು ಬಿಡುವ ವೇಳೆ ಹಾಕುವುದು, ಅವಳು ನೀರಿಲ್ಲ ಎನ್ನುವುದು, ಇವಳು ‘ಗಮನಿಸುತ್ತೇವೆ’ ಎನ್ನುವುದು. ಒಮ್ಮೆ ಇವಳು ಜ್ವರ ಬಂದು ಮೂರು ದಿನ ರಜೆ ಹಾಕಿದಾಗ ಅಕ್ಕ ಬರೆದಿದ್ದಳು: ‘ವಿಭಾಗಕ್ಕೆ ಹುಷಾರಿಲ್ಲವೇ?’ ನಾಲ್ಕನೆಯ ದಿನ ಇವಳ ಉತ್ತರ: ‘ವಿಭಾಗ ಈಗ ಎದ್ದು ಕೂತಿದೆ.’

ಆದರೂ ಎದೆಯಲ್ಲೊಂದು ಮುಳ್ಳಿತ್ತು. ಬಂದ ದೂರನ್ನೆಲ್ಲ ಚೀಟಿಯಲ್ಲಿ ಬರೆದು ನೀರುಗಂಟಿಗೆ ಕೊಡುವುದು ಅವಳ ಕೆಲಸ. ಈ ಒಂದು ದೂರಿನ ಚೀಟಿಯನ್ನು ಮಾತ್ರ ಅವಳು ಡ್ರಾಯರಿನಲ್ಲಿಡುತ್ತಿದ್ದಳೇ ಹೊರತು ಒಂದು ದಿನವೂ ಕೊಟ್ಟಿರಲಿಲ್ಲ. ನೀರು ಬಂದುಬಿಟ್ಟರೆ ಅಕ್ಕ ಬರೆಯುವುದನ್ನು ನಿಲ್ಲಿಸಿಬಿಟ್ಟರೆ? ಊಟಕ್ಕೆ ಕೂತಾಗಲೆಲ್ಲ, ಅಕ್ಕ ಕೊಡ ಹಿಡಿದು ಯಾರದೋ ಬಾಗಿಲಲ್ಲಿ ನಿಂತ ಹಾಗೆ ಕಂಡು ಅರ್ಧ ಊಟದಲ್ಲೇ ಎದ್ದುಬಿಡುತ್ತಿದ್ದಳು. ಮಾರನೆಯ ದಿನ ಮತ್ತೊಂದು ಚೀಟಿ, ಅದೇ ಡ್ರಾಯರು.

ಅಷ್ಟರಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ನೀರುಗಂಟಿ ಒಳಗೆ ಬಂದ. ಊರಿನ ವಾಲ್ವುಗಳನ್ನೆಲ್ಲ ಇಪ್ಪತ್ತು ವರ್ಷದಿಂದ ತಿರುಗಿಸುತ್ತಾ ಬಂದವನು. ಅಧಿಕಾರಿ ಅವನನ್ನೇ ಹಿಡಿದ.

“ಏನಯ್ಯಾ, ಮೂರನೇ ಅಡ್ಡರಸ್ತೆಗೆ ನಾಲ್ಕು ವರ್ಷದಿಂದ ನೀರೇ ಇಲ್ವಂತೆ?”

ನೀರುಗಂಟಿ ನಕ್ಕುಬಿಟ್ಟ. “ಯಾರ್ ಸಾರ್ ಹೇಳಿದ್ದು? ಅದು ಟ್ಯಾಂಕಿನ ಬುಡದಲ್ಲೇ ಇದೆ. ಬೇಡ ಅಂದ್ರೂ ಮೊದಲು ನೀರು ನುಗ್ಗೋದು ಅಲ್ಲಿಗೇ. ಊರೆಲ್ಲ ಒಣಗಿದ ದಿನವೂ ಆ ಬೀದಿಯೋರು ಹಾಯಾಗಿ ಬಟ್ಟೆ ಒಗೀತಿರ್ತಾರೆ.”

“ಹಾಗಾದ್ರೆ ಸುಳ್ಳು ದೂರು. ಇಂಥೋರನ್ನ ಹೊಸ ಪೇಜಿಗೆ ಸೇರಿಸಲ್ಲ, ಬ್ಲಾಕ್ ಮಾಡಿಬಿಡ್ತೀನಿ.”

ಗುಮಾಸ್ತೆ ಚೀಟಿ ತುಂಬಿದ ಡ್ರಾಯರನ್ನು ಎಳೆದು ನೋಡಿದಳು. ನಾಲ್ಕು ವರ್ಷ, ತುಂಬಿ ಚೆಲ್ಲುವ ತೊಟ್ಟಿಯ ಪಕ್ಕದಲ್ಲಿ ಕೂತು, ಅಕ್ಕ ದಿನಾ ಬರೆದಿದ್ದಳು. ಮುಳ್ಳು ಕಿತ್ತು ಬಂದ ಜಾಗ ಮುಳ್ಳಿಗಿಂತ ಹೆಚ್ಚು ನೋಯಿತು.

“ಪಾಸ್‌ವರ್ಡ್ ಕೊಡ್ತೀನಿ,” ಎಂದಳು. “ಒಂದೇ ಒಂದು ಉತ್ತರ ಬಾಕಿ ಇದೆ.” ಅವನು ಹೂಂ ಎನ್ನುವ ಮೊದಲೇ ಕೀಲಿಮಣೆಯ ಮೇಲೆ ಬೆರಳುಗಳು ಓಡಿದವು: ‘ಇವತ್ತೇ ಪರಿಶೀಲನೆಗೆ ಬರುತ್ತೇವೆ. ಮನೆಯಲ್ಲಿರುತ್ತೀರಾ?’

ಐದಕ್ಕೆ ಒಂದೇ ನಿಮಿಷ ಉಳಿದಾಗಲೂ ಪರದೆಯಲ್ಲಿ ಏನೂ ಮೂಡಲಿಲ್ಲ. ಅಧಿಕಾರಿ ಗೋಡೆಯ ಗಡಿಯಾರ ನೋಡಿ ಕೆಮ್ಮಿದ. ಅವಳು ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಳು. ಅವನು ಅದನ್ನು ಬದಲಾಯಿಸಿದ. ಅವಳ ಕಂಪ್ಯೂಟರಿನಲ್ಲಿ ಪೇಜು ಮುಚ್ಚಿಕೊಂಡಿತು. ಆಗ ಅವನ ಲ್ಯಾಪ್‌ಟಾಪು ಟಿಣ್ಣೆಂದಿತು.

“ನೋಡಿದ್ರಾ, ಅದೇ ಮಿಷನ್ನಮ್ಮ! ‘ಎಷ್ಟು ಜನ ಬರ್ತೀರಿ?’ ಅಂತೆ.”

“ಒಬ್ಬಳೇ ಅಂತ ಬರೀರಿ.”

“ಪಟ್ಟೀಲಿ ಅಂಥ ಉತ್ತರ ಇಲ್ಲ ಮೇಡಂ.” ಅವನು ಬೆರಳಿಟ್ಟು ಹುಡುಕಿದ. “ಹಾಂ, ಆರನೇದು. ‘ನಿಮ್ಮ ದೂರನ್ನು ನೀರು ವಿಭಾಗಕ್ಕೆ ಕಳುಹಿಸಲಾಗಿದೆ.’ ಇದನ್ನ ಒತ್ತಿ, ಆಮೇಲೆ ಬ್ಲಾಕ್.”

ಅವನು ಒತ್ತುವುದನ್ನು ನೋಡಲು ಗುಮಾಸ್ತೆ ನಿಲ್ಲಲಿಲ್ಲ. ಡ್ರಾಯರಿನ ಚೀಟಿಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡು, ಚಪ್ಪಲಿ ಸರಿಯಾಗಿ ಮೆಟ್ಟದೆಯೇ ಮೆಟ್ಟಿಲಿಳಿದಳು. ಕೆಳಗೆ ಸೈಕಲ್ಲಿನ ಬೀಗ ತೆಗೆಯುತ್ತಿದ್ದ ನೀರುಗಂಟಿ ತಲೆಯೆತ್ತಿ ನೋಡಿದ.

“ಮೂರನೇ ಅಡ್ಡರಸ್ತೆಗಾ ತಾಯಿ? ಉದ್ದ ಬೀದಿ ಅದು. ಮನೆ ನಂಬರ್ ಗೊತ್ತಾ?”

“ಇಲ್ಲ,” ಎಂದಳು. “ಮಿಷನ್ ಸದ್ದು ಗೊತ್ತು.”