ನವಿಲು ಬಿಡಿಸಿದ ಕೈ

“ನವಲು ಬಿದ್ದದ್ದು ಇದೇ ಮೊದಲೇನ್ರಿ ಅವ್ವಾ?” ಹೊಲದ ಬದುವಿಗೆ ಕಟ್ಟಿದ್ದ ಬಲೆಯಲ್ಲಿ ಒದ್ದಾಡುತ್ತಿದ್ದ ಹಕ್ಕಿಯನ್ನು ನೋಡುತ್ತ ಫಾರೆಸ್ಟ್ ಗಾರ್ಡ್ ಸಂಜುಕುಮಾರ ಕೇಳಿದ. “ಮೊದಲನೇ ಸಲ ಆದ್ರ ಬಲಿ ತೆಗಿಸಿ, ತಿಳಿಸಿ ಹೇಳಿ ಹೋಗ್ತೇನಿ. ಈ ಮೊದಲೂ ಬಿದ್ದಾವ ಅಂದ್ರ ಕೇಸ್ ಮಾಡಬೇಕಾಗ್ತದ.”

“ಇದೇ ಮೊದಲ ನೋಡ್ರಿ ಸಾಹೇಬ್ರ,” ಎಂದಳು ಗುಂಡಮ್ಮ. “ಬಲಿ ಕಟ್ಟಿದ್ದು ಕಡಲಿ ಉಳೀಲಿ ಅಂತ. ನವಲು ಹಿಡಿಲಾಕ ಅಲ್ರಿ.”

ಸಂಜುಕುಮಾರ ಚಾಕು ತೆಗೆದು ನವಿಲಿನ ಕಾಲಿಗೆ ಸುತ್ತಿದ್ದ ದಾರಕ್ಕೆ ಹಾಕಿದ. ಹಕ್ಕಿ ಬೆದರಿ ರೆಕ್ಕೆ ಬಡಿಯಿತು. ಬಡಿದಷ್ಟೂ ನೈಲಾನ್ ಎಳೆ ಕುತ್ತಿಗೆಗೆ ಬಿಗಿಯಿತು. ಗುಂಡಮ್ಮ ಎರಡೂ ಕೈ ಸೆರಗಿನೊಳಗೆ ಬಚ್ಚಿಟ್ಟುಕೊಂಡು ನಿಂತೇ ಇದ್ದಳು. ಕೈ ಹಾಕಿದರೆ ಕೆಟ್ಟೆ ಎಂದು ಅವಳಿಗೆ ಗೊತ್ತಿತ್ತು. ಆದರೆ ನವಿಲು ಕೊಕ್ಕು ತೆರೆದು ಉಸಿರಿಗಾಗಿ ಒದ್ದಾಡತೊಡಗಿದಾಗ ನಿಲ್ಲಲಾಗಲಿಲ್ಲ.

“ಆ ಕಡೆ ಸರೀರಿ ಸಾಹೇಬ್ರ,” ಎಂದು ಕುಕ್ಕರಗಾಲಲ್ಲಿ ಕುಳಿತಳು. ಹಕ್ಕಿಯ ಕಣ್ಣಿಗೆ ಸೆರಗು ಮುಚ್ಚಿದಳು. ಅದು ತಟ್ಟನೆ ಸುಮ್ಮನಾಯಿತು. ಮೊಣಕೈಯಿಂದ ರೆಕ್ಕೆಯನ್ನು ಮೆಲ್ಲಗೆ ಅದುಮಿ ಮೊದಲು ಕುತ್ತಿಗೆಯ ಎಳೆ ಬಿಡಿಸಿದಳು, ಆಮೇಲೆ ರೆಕ್ಕೆಯದು, ಕಡೆಗೆ ಕಾಲಿನದು. ಒಂದು ಎಳೆಯೂ ಹರಿಯಲಿಲ್ಲ, ಒಂದು ಗರಿಯೂ ಉದುರಲಿಲ್ಲ. ಸೆರಗು ತೆಗೆದೊಡನೆ ನವಿಲು ಕಡಲೆ ಸಾಲು ದಾಟಿ ಓಡಿತು.

ಸಂಜುಕುಮಾರ ಅತ್ತ ನೋಡಲೇ ಇಲ್ಲ. ಅವನ ಕಣ್ಣು ಅವಳ ಬೆರಳುಗಳ ಮೇಲಿತ್ತು. ಚಾಕು ಮಡಚಿ ಜೇಬಿಗಿಟ್ಟು ಪೆನ್ನು ತೆಗೆದ.

“ಖರೇ ಹೇಳ್ರಿ ಅವ್ವಾ. ಇದು ಎಷ್ಟನೇದು?”