ಮಾವನ ಕಾಲದ ಹಗ್ಗ

ರಾಯವ್ವ ಹಗ್ಗದ ಸುರುಳಿಯ ಮೇಲೆ ಕುಳಿತೇಬಿಟ್ಟಳು. ಸಾಲಹಳ್ಳಿ ಗುಡ್ಡದ ಕಡಿದಾದ ಅಂಚಿನ ಕೆಳಗೆ ಹೆಜ್ಜೇನು ತುಂಬಿ ತೂಗುತ್ತಿತ್ತು. ಇಳಿಯಬೇಕಾದ ಗಂಡ ಪರಸಪ್ಪ ಸೊಂಟಕ್ಕೆ ವಸ್ತ್ರ ಬಿಗಿದು ನಿಂತಿದ್ದ. ಮೇಲೆ ನಿಂತು ಹಗ್ಗ ಹಿಡಿಯಬೇಕಾದ ಅವಳ ತಮ್ಮ ಶಟ್ಟೆಪ್ಪ ಅಕ್ಕನ ಮುಖವನ್ನೊಮ್ಮೆ, ಭಾವನ ಮುಖವನ್ನೊಮ್ಮೆ ನೋಡುತ್ತಿದ್ದ.

“ಏಳ, ಹೊತ್ತೇರಾಕ ಹತ್ತೇತಿ,” ಎಂದ ಪರಸಪ್ಪ.

“ಈ ಹಗ್ಗದ ಮ್ಯಾಲೆ ನಿಮ್ಮನ್ನ ಇಳಿಸಾಂಗಿಲ್ರಿ. ನಾನ ಹೊಸೆದಿದ್ದು ಒಂದು ತಂದೇನಿ, ಅದನ್ನ ಕಟ್ಕೊರಿ.”

ಪರಸಪ್ಪನಿಗೆ ನಗು ಬಂತು. ಆ ಹಗ್ಗ ಅವನ ಅಪ್ಪನದು. ಪ್ಲೇಗಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಅವನ ಗುರುತು ಎಂದು ಮನೆಯಲ್ಲಿ ಉಳಿದದ್ದು ಅದೊಂದೇ. ಇಲಿ, ಗೆದ್ದಲು ಮುಟ್ಟದಿರಲೆಂದು ಅದನ್ನು ಒಲೆಯ ಮೇಲಿನ ತೊಲೆಗೆ ತೂಗುಹಾಕುತ್ತಿದ್ದ. ಅಮಾವಾಸ್ಯೆ ಬಂದರೆ ಎಣ್ಣೆ ಸವರಿ ಊದಿನಕಡ್ಡಿ ಬೆಳಗುತ್ತಿದ್ದ. ಹೆಂಡತಿಗೂ ಅಷ್ಟು ಉಪಚಾರ ಇರಲಿಲ್ಲ. ಹಗ್ಗವೂ ಹಾಗೇ ಇತ್ತೆನ್ನಿ: ಕೈಯಾಡಿಸಿದರೆ ನುಣುಪು, ಭಾರ ಬಿದ್ದರೆ ಹಿಗ್ಗುವುದಿಲ್ಲ, ತಿರುಗುವುದಿಲ್ಲ. ಹೊಸ ಹಗ್ಗವಾದರೆ ಅಂಗೈ ಚುಚ್ಚುತ್ತದೆ, ಮನುಷ್ಯನನ್ನು ಬುಗುರಿಯ ಹಾಗೆ ಗರಗರ ತಿರುಗಿಸುತ್ತದೆ. ಹಳೆಯದನ್ನು ಯಾರು ಬಿಟ್ಟಾರು?

ಆದರೆ ಪ್ರತಿವರ್ಷ ಅದನ್ನು ತಲೆಯ ಮೇಲೆ ಹೊತ್ತು ಗುಡ್ಡ ಏರುವವಳು ರಾಯವ್ವ. ವರ್ಷದಿಂದ ವರ್ಷಕ್ಕೆ ಹೊರೆ ಹಗುರಾಗುತ್ತ ಬಂದದ್ದು ಅವಳ ಕುತ್ತಿಗೆಗೆ ಗೊತ್ತು. ಕಳೆದೊಂದು ವರ್ಷದಿಂದ ಅವಳ ಎದೆಯಲ್ಲಿ ಹೆದರಿಕೆ ಮನೆ ಮಾಡಿತ್ತು. ಒಂದು ಸಲ ಕಲ್ಲು ಕಟ್ಟಿ ನೋಡಿರೆಂದು ಹೇಳಿ ಹೇಳಿ ಬಾಯಿ ಸೋತಿತ್ತು. ಹಗ್ಗವನ್ನು ಪರೀಕ್ಷೆ ಮಾಡುವುದೆಂದರೆ ಸತ್ತ ಅಪ್ಪನನ್ನೇ ಅನುಮಾನಿಸಿದಂತೆ ಎಂದು ಪರಸಪ್ಪ ಕಿವಿ ಮುಚ್ಚಿಕೊಳ್ಳುತ್ತಿದ್ದ.

“ಶಟ್ಟೆಪ್ಪಾ, ನೀ ಹಗ್ಗ ಹಿಡೀಬ್ಯಾಡ,” ಎಂದಳು ರಾಯವ್ವ.

ಆ ಒಂದು ಮಾತಿಗೆ ಕೆಲಸ ನಿಂತಿತು. ಜೇನಿಗೆ ಇಳಿಯುವವನ ಹಗ್ಗವನ್ನು ಅವನ ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕೆಂಬುದು ಅವರಲ್ಲಿ ಮೊದಲಿಂದ ಬಂದ ಪದ್ಧತಿ. ಸ್ವಂತ ಅಣ್ಣತಮ್ಮಂದಿರಿಗೆ ಹೊಲದ ಪಾಲಿನ ಮೇಲೆ ಕಣ್ಣಿರಬಹುದು. ಅಕ್ಕನ ಕುಂಕುಮ ಅಳಿಸಲು ಯಾವ ತಮ್ಮನಿಗೂ ಮನಸ್ಸು ಬಾರದು.

“ಮಾಮಾ, ಅಕ್ಕ ಬ್ಯಾಡ ಅಂದಮ್ಯಾಲೆ ನನ್ನ ಕೈಲೆ ಆಗಾಂಗಿಲ್ರಿ,” ಎಂದು ಶಟ್ಟೆಪ್ಪ ಹಿಂದೆ ಸರಿದ.

ಪರಸಪ್ಪನ ಪಿತ್ತ ನೆತ್ತಿಗೇರಿತು. “ಹಂಗಾರ ಇಬ್ರೂ ಕಣ್ಣಾರೆ ನೋಡ್ರಿ,” ಎಂದು ಹೆಂಡತಿಯನ್ನು ಎಬ್ಬಿಸಿ ಹಗ್ಗವನ್ನು ಜೇನಿನಿಂದ ದೂರ ಒಯ್ದ. ಒಂದು ತುದಿಯನ್ನು ಮರಕ್ಕೆ ಸುತ್ತಿ, ಇನ್ನೊಂದಕ್ಕೆ ತನ್ನಷ್ಟೇ ಭಾರದ ಕಲ್ಲು ಬಿಗಿದು, ಅಂಚಿನಿಂದ ಮೆಲ್ಲಗೆ ಜಾರಿಸಿದ. ಹಗ್ಗ ಬಿಗಿಯಿತು, ತಡೆಯಿತು. ಅವನು ಮೀಸೆಯ ಮೇಲೆ ಕೈ ಹಾಕಿದ.

“ನಮ್ಮಪ್ಪ ಅಂದ್ರ ಏನು ತಿಳದೀರಿ?” ಎಂದು ಹೆಮ್ಮೆಯಿಂದ ಹಗ್ಗದ ಮೇಲೊಂದು ಪೆಟ್ಟು ಕೊಟ್ಟ. ಹಗ್ಗ ಹರಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ, ಒಣ ಕಡ್ಡಿ ಮುರಿದಷ್ಟೇ. ಕಲ್ಲು ತಳ ಮುಟ್ಟಿದ ಸಪ್ಪಳ ಕೇಳಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಪರಸಪ್ಪ ಅಲ್ಲೇ ಕುಸಿದು ಕುಳಿತ. ಹರಿದ ತುದಿಯ ಹುರಿ ಬಿಚ್ಚಿದ. ಮೇಲೆ ಎಣ್ಣೆ ಕುಡಿದು ಮಿರಿಮಿರಿ ಮಿಂಚುವ ಎಳೆಗಳು, ಒಳಗೆ ನಶ್ಯದಂಥ ಕಂದು ಪುಡಿ. “ಒಲೀ ಮ್ಯಾಲೆ ಕಟ್ಟಿ ಕಟ್ಟಿ ನಾನ ಸುಟ್ನೆಲ್ಲ ಇದನ್ನ,” ಎಂದು ಆ ಪುಡಿಯನ್ನು ಅಂಗೈಗೆ ಉದುರಿಸಿಕೊಂಡ. ಗೆದ್ದೆನೆಂಬ ಹಿಗ್ಗು ರಾಯವ್ವನಿಗೆ ಆಗಲಿಲ್ಲ. ಹೋಗಿ ಅವನ ಪಕ್ಕದಲ್ಲಿ ಕುಳಿತಳು.

“ಮಾವಾರು ಇದ್ದಿದ್ರ ಅವರೂ ಹೊಸಾದ ಕಟ್ಕೋತಿದ್ರು, ಬಿಡ್ರಿ.”

“ನಿಂದು ತಿರುಗತೈತಿ,” ಎಂದ ಅವನು, ಮಗುವಿನ ಹಾಗೆ ಮುನಿಸಿಕೊಂಡು.

“ಹಳ್ಳದಾಗ ನೆನಸಿ, ಕಲ್ಲು ಕಟ್ಟಿ, ಹಿತ್ತಲ ಹುಣಸಿ ಗಿಡಕ್ಕ ವಾರಗಟ್ಲೆ ಇಳಿಬಿಟ್ಟಿದ್ನಿ. ತಿರುಗೂದೆಲ್ಲಾ ಅಲ್ಲೇ ತಿರುಗಿ ಮುಗದೈತಿ.”

“ಅದು ಎತ್ತಿಗಂತ ಹೊಸೆದೀ ಅಂತ ತಿಳದಿದ್ನಿ.”

“ಎತ್ತಿಗೆ ಯಾರು ಅಷ್ಟು ಉದ್ದಾಂದು ಹೊಸೀತಾರ?”

ಶಟ್ಟೆಪ್ಪ ಮೋರೆ ತಿರುಗಿಸಿ ನಕ್ಕ. ಪರಸಪ್ಪನೂ ನಕ್ಕ, ಎದ್ದ, ಹೊಸ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ಈ ಸಲ ಶಟ್ಟೆಪ್ಪ ಮೇಲೆ ನಿಂತು ಹಗ್ಗ ಹಿಡಿದ. ಭಾರ ಬಿದ್ದೊಡನೆ ಹಗ್ಗ ಗೇಣುದ್ದ ಹಿಗ್ಗಿತು, ಅರೆಸುತ್ತು ತಿರುಗಿತು, ಆಮೇಲೆ ಸುಮ್ಮನಾಯಿತು. ಹಸಿ ಸೊಪ್ಪಿನ ಹೊಗೆ ಏರಿತು, ಹುಳ ಚದುರಿದವು. ಮಧ್ಯಾಹ್ನದ ಹೊತ್ತಿಗೆ ಅವನು ತುಂಬಿದ ಗಡಿಗೆಯೊಂದಿಗೆ ಮೇಲೆ ಬಂದ. ಹುಳ ಕಚ್ಚಿ ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಬಾಯಿ ಮಾತ್ರ ಕಿವಿಯವರೆಗೆ ತೆರೆದಿತ್ತು. ಜೀವಂತ ಗಂಡನನ್ನು ಕಂಡ ರಾಯವ್ವನಿಗೆ ವರ್ಷದ ಮೇಲೆ ಮೊದಲ ಸಲ ಹಸಿವಾಯಿತು.

ಮೂವರೂ ಜೇನುಹುಟ್ಟಿನ ತುಂಡು ಹಂಚಿಕೊಂಡು ತಿನ್ನುತ್ತಿದ್ದಾಗ ಪರಸಪ್ಪ ಕೇಳಿದ, “ನಿನಗ ಯಾವಾಗ ಗೊತ್ತಾತು?”

“ಹ್ವಾದ ವರ್ಷ. ನೀವು ಕೆಳಗ ತೂಗತಿದ್ರಿ. ಹಗ್ಗ ಕಲ್ಲಿನ ಅಂಚಿಗೆ ತಿಕ್ಕಿದಲ್ಲಿ ಪುಡಿ ಸುರೀತಿತ್ತು.”

ಅವನ ಕೈಯಲ್ಲಿದ್ದ ತುಂಡು ಬಾಯಿಯ ಹತ್ತಿರವೇ ನಿಂತಿತು. “ಮತ್ತ ಅವಾಗ್ಲೇ ಯಾಕ ಒದರಲಿಲ್ಲ?”

ರಾಯವ್ವ ಬೆರಳಿಗೆ ಅಂಟಿದ ಜೇನನ್ನು ಹುಲ್ಲಿಗೆ ಒರೆಸಿದಳು.

“ಒದರಿದ್ರ ತಮ್ಮನ ಕೈ ನಡಗತಿದ್ವು.”